ಮೂರು ನಕಲು, ಒಂದು ಅಸಲು

ತಾಲ್ಲೂಕು ಕಚೇರಿಯೊಂದರ ನಿವೃತ್ತ ಶಿರಸ್ತೇದಾರರೂ ಹಾಲಿ ಬೆಳಗೋಡಿನ ನಿವಾಸಿಗಳೂ ಆದ ಶ್ರೀ ರುದ್ರಯ್ಯನವರ ಮನೆಯ ಟೆಲಿವಿಷನ್ನು ಎರಡು ಸಾವಿರದ ಏಳನೇ ಇಸವಿ ಜನವರಿ ಹನ್ನೆರಡನೇ ತಾರೀಕು ಶುಕ್ರವಾರ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಹದಿನಾರು ವರ್ಷಗಳ ಸೇವೆಯ ನಂತರ, ಕರ್ತವ್ಯದಲ್ಲಿದ್ದಾಗಲೇ ನಿಧನ ಹೊಂದಿತು. ಕೊನೆಗಾಲದಲ್ಲಿ ಅದು ಮುಖ್ಯಮಂತ್ರಿಗಳಿಂದ ಹಿಡಿದು ಸೋಪಿನ ಜಾಹೀರಾತಿನ ಮಗುವಿನವರೆಗೆ ಎಲ್ಲರನ್ನೂ ಹಸಿರಾಗಿ ತೋರಿಸುತ್ತಿತ್ತು. ಮನೆಯವರು ಅದಕ್ಕೆ ಒಗ್ಗಿಹೋಗಿದ್ದರು. ರುದ್ರಯ್ಯನವರು ಗಡಿಯಾರ ನೋಡಿ, ಮರಣದ ಸಮಯವನ್ನು ಬರೆದುಕೊಂಡು, ಹೊಸ ಕಡತವೊಂದಕ್ಕೆ ದಾರ ಪೋಣಿಸಿದರು.

ಕಡತ ಕಂಡ ಕೂಡಲೇ ಅವರ ಹೆಂಡತಿ ಜಗದಾಂಬಗೆ ಮುಂದಿನದೆಲ್ಲ ಗೊತ್ತಾಗಿಹೋಯಿತು. ರುದ್ರಯ್ಯನವರು ನಿವೃತ್ತರಾದರೂ ಶಿರಸ್ತೇದಾರಿಕೆ ಅವರಿಂದ ನಿವೃತ್ತವಾಗಿರಲಿಲ್ಲ. ಮನೆಗೊಂದು ಸಾಮಾನು ತರಬೇಕಾದರೆ ಅವರೇ ರಚಿಸಿ ಅವರೇ ಅಂಗೀಕರಿಸಿದ ‘ಗೃಹೋಪಯೋಗಿ ಖರೀದಿ ನಿಯಮಾವಳಿ’ ಇತ್ತು. ಅದರಂತೆ ಮಿಕ್ಸಿಯೊಂದು ದೀಪಾವಳಿಗೆ ಮಂಜೂರಾಗಿ ಯುಗಾದಿಗೆ ಮನೆ ಸೇರಿತ್ತು. ಪ್ರೆಷರ್ ಕುಕ್ಕರಿನ ಕಡತ ಇನ್ನೂ ಅಟ್ಟದ ಮೇಲಿತ್ತು, ಕುಕ್ಕರು ಬಂದಿರಲಿಲ್ಲ.

ಜಗದಾಂಬಗೆ ಈ ಸಲ ಅಷ್ಟು ಕಾಯುವ ಹಾಗಿರಲಿಲ್ಲ. ಧಾರವಾಡಕ್ಕೆ ಕೊಟ್ಟಿದ್ದ ಮಗಳು ಸುಮನಾ ಹಿಂದಿನ ದಿನವಷ್ಟೇ ಫೋನು ಮಾಡಿದ್ದಳು. ಟಿವಿಯ ಅಡುಗೆ ಕಾರ್ಯಕ್ರಮವೊಂದರಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿ ಬಂದಿದ್ದಳಂತೆ. ಫೆಬ್ರವರಿ ಇಪ್ಪತ್ತನೇ ತಾರೀಕು ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಬರುತ್ತದಂತೆ.

“ಅದ್ರಲ್ಲಿ ನಿನ್ನ ಹೆಸರು ಹೇಳಿದೀನಮ್ಮ,” ಎಂದಿದ್ದಳು.

“ಏನಂತ ಹೇಳ್ದೆ? ಶಿರಸ್ತೇದಾರ್ರ ಮನೆಯೋರು ಅಂತಲಾ?”

“ಅಲ್ಲಮ್ಮ! ನಮ್ಮಮ್ಮ ಜಗದಾಂಬ ಕಲಿಸಿದ ಅಡುಗೆ ಅಂತ. ಪೂರ್ತಿ ಹೆಸರು.”

ಈ ಊರಿಗೆ ಬಂದ ಮೂವತ್ತನಾಲ್ಕು ವರ್ಷದಲ್ಲಿ ಅವಳ ಹೆಸರನ್ನು ಬಾಯ್ತುಂಬ ಯಾರೂ ಕರೆದಿರಲಿಲ್ಲ. ಗಂಡನಿಗೆ ಅವಳು ‘ಇವಳೇ’, ಊರಿಗೆ ‘ಸಾಹೇಬ್ರ ಮನೆಯೋರು’, ಶಾಲೆಯವರಿಗೆ ‘ಸುಮನಾಳ ತಾಯಿ’. ಮತದಾರರ ಪಟ್ಟಿಯಲ್ಲೊಂದು ಹೆಸರಿತ್ತು, ಅದರ ಪಕ್ಕದಲ್ಲಿದ್ದ ಫೋಟೋ ಬೇರೆ ಯಾರದ್ದೋ. ತನ್ನ ಮನೆಯ ನಡುಮನೆಯಲ್ಲಿ, ತನ್ನ ಟಿವಿಯಲ್ಲಿ, ನಾಲ್ಕು ಜನರ ಎದುರು ಆ ಹೆಸರು ಒಂದು ಸಲ ಕೇಳಬೇಕೆಂದು ಅವಳಿಗೆ ಆಸೆಯಾಗಿತ್ತು. ಆಸೆ ಬಲವಾಗಿಯೇ ಇತ್ತು.

“ರೀ, ಮಂಗಳವಾರದೊಳಗೆ ಒಂದು ಟಿವಿ ತಂದ್ಬುಡಿ,” ಎಂದಳು.

“ಯಾವ ಮಂಗಳವಾರ?”

“ಫೆಬ್ರವರಿ ಇಪ್ಪತ್ತು.”

“ಮೂವತ್ತೊಂಬತ್ತು ದಿನ,” ರುದ್ರಯ್ಯನವರು ಕನ್ನಡಕ ಏರಿಸಿದರು. “ಆಕ್ಷೇಪಣೆಗೇ ಮೂವತ್ತು ದಿನ ಕೊಡಬೇಕು ಕಣೇ. ಉಳಿಯೋದು ಒಂಬತ್ತು. ಆತುರಗಾರನಿಗೆ ಬುದ್ಧಿ ಮಟ್ಟ.”

ಹೀಗೆ ಟಿವಿ ಖರೀದಿಗೆ ಚಾಲನೆ ದೊರೆಯಿತು. ಮೊದಲ ಹೆಜ್ಜೆಯಾಗಿ ಮನೆಯ ಮುಂಬಾಗಿಲಿಗೆ ಪ್ರಕಟಣೆಯೊಂದನ್ನು ಅಂಟಿಸಲಾಯಿತು. ‘ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಮನೆಗೆ ಟೆಲಿವಿಷನ್ ಖರೀದಿಸಲು ಉದ್ದೇಶಿಸಲಾಗಿದ್ದು, ಈ ಬಗ್ಗೆ ಯಾರದೇ ತಂಟೆ ತಕರಾರು ಇದ್ದಲ್ಲಿ ಮೂವತ್ತು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.’ ಒಳಗೆ ವಾಸವಿದ್ದವರು ಇಬ್ಬರೇ. ಆದರೂ ಹಾಲಿನವಳು, ಅಂಚೆಯವನು, ಪಕ್ಕದ ಮನೆಯ ಹುಲಿಯಮ್ಮ ಎಲ್ಲರೂ ನಿಂತು ಓದಿಸಿಕೊಂಡು, ತಮ್ಮದೇನೂ ತಕರಾರಿಲ್ಲವೆಂದು ಹೇಳಿ ಕಾಫಿ ಕುಡಿದು ಹೋದರು.

ಎರಡನೆಯದು, ಸಕಲೇಶಪುರದಲ್ಲಿ ಟಿವಿ ಅಂಗಡಿ ಇಟ್ಟಿದ್ದ ಚಂದನ್ ಎಂಬ ಚುರುಕು ಆಸಾಮಿಯನ್ನು ಕರೆಸಿದ್ದು. ಕಾಲ ಬದಲಾಗಿತ್ತು. ಟಿವಿ ಎಂದರೆ ಒಂದೇ ಬಗೆ ಎಂದು ನಂಬಿದ್ದ ರುದ್ರಯ್ಯನವರಿಗೆ ಅವನು ಮೂರು ಬಗೆ ಹೇಳಿದ.

“ಒಂದು, ಪಿಕ್ಚರ್ ಟ್ಯೂಬಿಂದು ಸಾರ್. ಹಿಂದ್ಗಡೆ ಹೊಟ್ಟೆ ಇರ್ತದಲ್ಲ, ಅದು. ಎರಡು, ಎಲ್‌ಸಿಡಿ. ಹಿಂದೆ ದೀಪ, ಮುಂದೆ ತೆಳ್ಳಗೆ ದ್ರವ. ಬೆಳಕನ್ನ ಬೇಕಾದಷ್ಟು ಬಿಟ್ಟು ಬೇಡದ್ದನ್ನ ತಡೀತದೆ. ಮೂರು, ಪ್ಲಾಸ್ಮಾ. ಸಾವ್ರಾರು ಗೂಡು, ಗೂಡಿನೊಳಗೆ ಅನಿಲ. ಅದೇ ಉರಿದು ಬಣ್ಣ ಕೊಡ್ತದೆ. ಅದ್ರಲ್ಲಿ ಕಪ್ಪು ಅಂದ್ರೆ ಕಪ್ಪೇ ಸಾರ್. ನಾನು ಹೇಳೋದಾದ್ರೆ ಪ್ಲಾಸ್ಮಾ.”

ಪ್ಲಾಸ್ಮಾ ಅವನ ಅಂಗಡಿಯಲ್ಲಿ ಎಂಟು ತಿಂಗಳಿನಿಂದ ಕದಲದೆ ಕೂತಿತ್ತು ಎಂಬುದಕ್ಕೂ ಈ ಸಲಹೆಗೂ ಸಂಬಂಧವಿರಲಿಲ್ಲ.

“ನೀವು ಹೇಳೋದು ಮಾರೋನ ಹೇಳಿಕೆ,” ಎಂದರು ರುದ್ರಯ್ಯನವರು. “ಅಂಗಡಿ ಬೆಳಕು ಬೇರೆ, ಮನೆ ಬೆಳಕು ಬೇರೆ. ಮೂರನ್ನೂ ಸ್ಥಳಕ್ಕೆ ತನ್ನಿ. ಪಂಚರ ಸಮಕ್ಷಮ ಮಹಜರು ಮಾಡಿ ತೀರ್ಮಾನ ಮಾಡೋಣ.”

ಜಮೀನಿನ ಗಡಿಗೆ, ಬಿದ್ದ ಮರಕ್ಕೆ, ಕದ್ದ ಮೋಟಾರಿಗೆ ಮಹಜರು ಮಾಡುವುದನ್ನು ಚಂದನ್ ಕೇಳಿದ್ದ. ಟಿವಿಗೆ ಮಾಡುವುದನ್ನು ಕೇಳಿರಲಿಲ್ಲ. ಆದರೆ ಗಿರಾಕಿ ದೇವರ ಸಮಾನ ಎಂದುಕೊಂಡು, ವಾರದೊಳಗೆ ಮೂರು ಟಿವಿಗಳನ್ನೂ ಜೀಪಿನಲ್ಲಿ ತಂದು ನಡುಮನೆಯಲ್ಲಿ ಸಾಲಾಗಿ ಇಟ್ಟ. ರುದ್ರಯ್ಯನವರು ಮೂರಕ್ಕೂ ದಾರ ಸುತ್ತಿ ಅರಗಿನ ಮುದ್ರೆ ಒತ್ತಿದರು. ಪರಿವೀಕ್ಷಣೆಯಲ್ಲಿರುವ ವಸ್ತುವನ್ನು ತೀರ್ಮಾನವಾಗುವ ತನಕ ಸ್ಥಳದಿಂದ ಕದಲಿಸತಕ್ಕದ್ದಲ್ಲ ಎಂಬ ನಿಯಮವನ್ನು ಅವನಿಗೆ ಆಮೇಲೆ ಓದಿ ಹೇಳಲಾಯಿತು.

ಪಂಚರು ಮೂವರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮಹಾದೇವಯ್ಯ, ಬಣ್ಣದ ತಜ್ಞರೆಂದು. ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗುಂಡಯ್ಯ, ನಲವತ್ತು ವರ್ಷ ಕಾಫಿಬೀಜದ ಬಣ್ಣ ನೋಡಿ ದರ್ಜೆ ಹೇಳಿದವರೆಂದು. ಮೂರನೆಯವಳು ಹುಲಿಯಮ್ಮ, ಕಣ್ಣು ಚೆನ್ನಾಗಿದೆಯೆಂದು. ಅವಳು ಯಾರ ಬೇಲಿಯ ಸೋರೆಕಾಯಿ ಎಷ್ಟು ದೊಡ್ಡದಾಗಿದೆ ಎಂಬುದನ್ನು ರಸ್ತೆಯಿಂದಲೇ ಹೇಳಬಲ್ಲವಳಾಗಿದ್ದಳು.

ಮೊದಲ ದಿನ ವಾರ್ತೆ ಹಾಕಲಾಯಿತು. ವಾರ್ತೆ ಓದುವ ಹೆಣ್ಣುಮಗಳು ಟ್ಯೂಬಿನಲ್ಲಿ ಕೆಂಪಗೆ, ಎಲ್‌ಸಿಡಿಯಲ್ಲಿ ತುಸು ನೀಲಿಯಾಗಿ, ಪ್ಲಾಸ್ಮಾದಲ್ಲಿ ಹೊಂಬಣ್ಣಕ್ಕೆ ಕಂಡಳು.

“ನೀಲಿನೇ ಸರಿ,” ಎಂದರು ಗುಂಡಯ್ಯ ತಡಮಾಡದೆ. “ಬೀಜಕ್ಕೆ ನೀಲಿ ಛಾಯೆ ಬಂದ್ರೆ ಅದು ಎ ಗ್ರೇಡು. ಕೆಂಪಗಾದ್ರೆ ಒಣಗ್ಸಿದ್ದು ತಪ್ಪಾಗೈತೆ ಅಂತ ಅರ್ಥ.”

“ಅವಳು ಕಾಫಿಬೀಜ ಅಲ್ಲ ಮಾರಾಯ,” ಎಂದರು ಮಹಾದೇವಯ್ಯ.

“ಎಲ್ಲಿ ನೀಲಿ? ನಂಗೆ ಬೆಳ್ಳಗೆ ಕಾಣ್ತಾವ್ಳೆ,” ಎಂದಳು ಹುಲಿಯಮ್ಮ. ಅವಳು ಕಂಬದ ಪಕ್ಕ ಓರೆಯಾಗಿ ಕೂತಿದ್ದಳು. ಎಲ್‌ಸಿಡಿಯನ್ನು ಓರೆಯಿಂದ ನೋಡಿದರೆ ಬಣ್ಣ ತೇಲಿಹೋಗುತ್ತದೆಂದು ಚಂದನ್ ವಿವರಿಸಿ, ಮಧ್ಯಕ್ಕೆ ಬರಲು ಹೇಳಿದ. ರುದ್ರಯ್ಯನವರು ಒಪ್ಪಲಿಲ್ಲ. ಸಾಕ್ಷಿಯನ್ನು ಕೂತ ಜಾಗದಿಂದ ಎಬ್ಬಿಸಿ ಸಾಕ್ಷ್ಯ ಬದಲಾಯಿಸುವುದು ಅಪರಾಧ. ಅಂದಿನಿಂದ ಪಂಚರ ಕುರ್ಚಿಗಳ ಸುತ್ತ ಸೀಮೆಸುಣ್ಣದ ಗೆರೆ ಬಂತು.

ಪ್ಲಾಸ್ಮಾದ ಶಾಖಕ್ಕೆ ಮನೆಯ ಬೆಕ್ಕು ಬಂದು ಅದರ ಮುಂದೆ ಮಲಗಿತು. ‘ಬೆಕ್ಕಿನ ಆಯ್ಕೆ ಪ್ಲಾಸ್ಮಾ. ಸಹಿ ಬಾರದ ಕಾರಣ ಪರಿಗಣಿಸಿಲ್ಲ’ ಎಂದು ಷರಾ ಬರೆಯಲಾಯಿತು.

ಮಹಜರು ದಿನಾ ನಡೆಯಿತು. ಪಂಚರಿಗೆ ಜಗದಾಂಬ ಒಂದು ದಿನ ಕೋಡುಬಳೆ, ಒಂದು ದಿನ ಕಡುಬು, ಒಂದು ದಿನ ಒಗ್ಗರಣೆ ಅವಲಕ್ಕಿ ಮಾಡಿದಳು. ಅಭಿಪ್ರಾಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು, “ಇನ್ನೊಂದು ದಿನ ನೋಡ್ಬೋದು ಅನ್ಸುತ್ತೆ ಸಾಹೇಬ್ರೇ,” ಎನ್ನುತ್ತಿದ್ದರು. ಕೋಡುಬಳೆ ಮಾಡಿದ ದಿನ ಮೂವರೂ ಒಟ್ಟಿಗೆ ಹೇಳಿದರು. ಕ್ರಿಕೆಟ್ ಮೈದಾನದ ಹಸಿರನ್ನು ತಾಳೆ ನೋಡಲೆಂದು ಗುಂಡಯ್ಯ ಕಾಫಿ ಎಲೆ ಕಿತ್ತು ತಂದರು. ಅದು ಹುಲ್ಲು, ಇದು ಗಿಡ, ಹೋಲಿಕೆ ಊರ್ಜಿತವಲ್ಲವೆಂದು ಮಹಾದೇವಯ್ಯ ತಕರಾರೆತ್ತಿದ್ದರಿಂದ ಅದೂ ಬಿದ್ದುಹೋಯಿತು.

ಕೊನೆಗೆ ತೊಡಕು ಎಲ್ಲಿದೆಯೆಂದು ರುದ್ರಯ್ಯನವರಿಗೇ ಹೊಳೆಯಿತು.

“ನಕಲನ್ನ ಅಸಲಿನ ಜತೆ ತಾಳೆ ನೋಡಬೇಕು. ಇದು ಮೂಲ ತತ್ವ. ವಾರ್ತೆ ಓದೋಳನ್ನ ನಮ್ಮಲ್ಲಿ ಯಾರು ಕಣ್ಣಾರೆ ಕಂಡಿದೀರಿ? ಯಾರೂ ಇಲ್ಲ. ಅಸಲೇ ನೋಡದೆ ನಕಲು ಸರಿ ಅಂತ ಹೆಂಗೆ ಸಹಿ ಹಾಕ್ತೀರಿ?”

ಪಂಚರು ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ಜಗದಾಂಬಗೆ ಮೊದಲ ಸಲ ಗಂಡನ ನಿಯಮಾವಳಿಯಲ್ಲಿ ಬೆಳಕು ಕಂಡಿತು.

“ಸುಮನಾನ್ನ ಎಲ್ರೂ ನೋಡಿದೀರಲ್ಲ,” ಎಂದಳು. “ಇಪ್ಪತ್ತಕ್ಕೆ ಅವಳು ಬರ್ತಾಳೆ ಟಿವೀಲಿ. ಅವತ್ತೇ ತಾಳೆ ನೋಡಿ.”

“ಹುಟ್ಟಿದಾಗಿಂದ ನೀರು ಹಾಕಿದ್ದು ನಾನೇ ಕಣ್ರವ್ವ,” ಎಂದಳು ಹುಲಿಯಮ್ಮ. ಪ್ರಸ್ತಾವ ಅವಿರೋಧವಾಗಿ ಅಂಗೀಕಾರವಾಯಿತು.

ಇಪ್ಪತ್ತನೇ ತಾರೀಕು ಬೆಳಗ್ಗೆಯೇ ನಡುಮನೆ ತುಂಬಿತು. ಮಗ್ಗೆ ಊರಿನಿಂದಲೂ ನೆಂಟರು ಬಂದರು. ಜಗದಾಂಬ ಜರಿಯಂಚಿನ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು, ಪಂಚರ ಹಿಂದೆ ಚಾಪೆಯ ಮೇಲೆ ಕೂತಳು. ಹನ್ನೆರಡೂವರೆಗೆ ಮೂರು ತೆರೆಯ ಮೇಲೂ ಸುಮನಾ ಪ್ರತ್ಯಕ್ಷಳಾದಳು. ಜನ ಚಪ್ಪಾಳೆ ತಟ್ಟಿದರು. ರುದ್ರಯ್ಯನವರು ಎದ್ದು, ಮೂರು ರಿಮೋಟುಗಳನ್ನು ಒಂದಾದ ಮೇಲೊಂದರಂತೆ ಕೈಗೆತ್ತಿಕೊಂಡು, ಮೂರರ ಧ್ವನಿಯನ್ನೂ ಪೂರ್ತಿ ಅಡಗಿಸಿಬಿಟ್ಟರು.

“ರೀ! ಏನ್ಮಾಡ್ತಿದೀರಿ?”

“ಇದು ಚಿತ್ರದ ಹೋಲಿಕೆ. ಧ್ವನಿ ಕಡತದಲ್ಲಿಲ್ಲ. ಧ್ವನಿ ಕೇಳಿದ್ರೆ ಪಂಚರ ಮನಸ್ಸು ಒಂದು ಕಡೆ ವಾಲುತ್ತೆ.”

ಸುಮನಾ ಮೂರು ಕಡೆ ಸದ್ದಿಲ್ಲದೆ ರೊಟ್ಟಿ ತಟ್ಟಿದಳು. ಹುಚ್ಚೆಳ್ಳು ಚಟ್ನಿ ಟ್ಯೂಬಿನಲ್ಲಿ ಸಿಮೆಂಟಿನಂತೆ, ಎಲ್‌ಸಿಡಿಯಲ್ಲಿ ಬೂದಿಯಂತೆ, ಪ್ಲಾಸ್ಮಾದಲ್ಲಿ ಕಪ್ಪಗೆ ಹುಚ್ಚೆಳ್ಳು ಚಟ್ನಿಯಂತೆಯೇ ಕಂಡಿತು. ಚಂದನ್ ಹೆಮ್ಮೆಯಿಂದ ಸುತ್ತ ನೋಡಿದ. ಆಮೇಲೆ ಸುಮನಾ ಕೈ ಒರೆಸಿಕೊಂಡು, ನೇರ ಎದುರಿಗೆ ನೋಡಿ, ನಕ್ಕು, ಏನೋ ಹೇಳಿದಳು. ಮೂರು ಬಾಯಿಗಳು ಒಟ್ಟಿಗೆ ತೆರೆದು ಮುಚ್ಚಿದವು. ಜಗದಾಂಬಗೆ ಅದೇ ಅದೆಂದು ಗೊತ್ತಾಯಿತು. ಅವಳ ಹೆಸರು ಮೂರು ಟಿವಿಗಳಲ್ಲಿ ಬಂದು ಒಂದರಲ್ಲೂ ಕೇಳಿಸದೆ ಹೋಯಿತು.

ಅವಳಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಎದ್ದು ಅಡುಗೆಮನೆಗೆ ಹೋಗಿ ಬಾಣಲೆಯನ್ನು ಒಲೆಯಿಂದ ಇಳಿಸಿದಳು. ಅಂದು ಪಂಚರಿಗೆ ಏನೂ ಸಿಗಲಿಲ್ಲ, ಮಹಜರು ಬೇಗ ಮುಗಿಯಿತು.

ತೀರ್ಮಾನ ಮಾತ್ರ ಆಗಲಿಲ್ಲ. ಸುಮನಾಳ ಬಣ್ಣ ಯಾವ ಟಿವಿಯದ್ದು ಸರಿ ಎಂಬುದಕ್ಕೆ ಮೂವರು ಮೂರು ಹೇಳಿದರು. ಮದುವೆಯಾಗಿ ಹೋಗಿ ನಾಲ್ಕು ವರ್ಷವಾದ್ದರಿಂದ ನೆನಪಿನ ಮೇಲೆ ತಾಳೆ ನೋಡುವುದು ಸಿಂಧುವಲ್ಲವೆಂದು ರುದ್ರಯ್ಯನವರು ಅಭಿಪ್ರಾಯಪಟ್ಟರು. ಶನಿವಾರ ಸಂಜೆ ನಾಲ್ಕಕ್ಕೆ ಮರುಪ್ರಸಾರವಿತ್ತು. ‘ಅಸಲನ್ನು ಖುದ್ದು ಹಾಜರುಪಡಿಸತಕ್ಕದ್ದು’ ಎಂದು ಧಾರವಾಡಕ್ಕೆ ಫೋನು ಹೋಯಿತು. ದಾಖಲೆಗಾಗಿ ರಿಜಿಸ್ಟರ್ಡ್ ಪತ್ರವೂ ಹೋಯಿತು.

ಮರುದಿನ ಬೆಳಗ್ಗೆ ರುದ್ರಯ್ಯನವರು ಸ್ನಾನ ಮುಗಿಸಿ ಬಂದು ನೋಡಿದರೆ ಮೇಜಿನ ಮೇಲೆ, ಎಡಕ್ಕೆ ಅಂಚು ಬಿಟ್ಟು ದುಂಡಗೆ ಬರೆದ, ಎರಡು ಪ್ರತಿಯ ಅರ್ಜಿಯೊಂದಿತ್ತು.

‘ಮಾನ್ಯರೇ, ವಿಷಯ: ಧ್ವನಿ ಅಡಗಿಸಿದ ಬಗ್ಗೆ ತಕರಾರು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ಇದೆಯೋ ಇಲ್ಲವೋ ಎಂಬುದನ್ನು ಧ್ವನಿಯಿಲ್ಲದೆ ತಾಳೆ ನೋಡಲು ಬರುವುದಿಲ್ಲ. ಆದಕಾರಣ ಶನಿವಾರದ ಮಹಜರಿನಲ್ಲಿ ಮೂರು ಟಿವಿಗೂ ಧ್ವನಿ ಕೊಡಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ಪಂಚರ ಉಪಾಹಾರವನ್ನು ಅನಿರ್ದಿಷ್ಟ ಕಾಲ ಮುಂದೂಡಲಾಗುವುದು. ಇಂತಿ ತಮ್ಮ ವಿಶ್ವಾಸಿ, ಜಗದಾಂಬ.’

ರುದ್ರಯ್ಯನವರು ಅದನ್ನು ಎರಡು ಸಲ ಓದಿದರು. ಮೂವತ್ತನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಕ್ರಮಬದ್ಧವಾಗಿ ಸಲ್ಲಿಕೆಯಾದ ಮೊದಲ ಅರ್ಜಿ ಅದು. ಅವರ ಕಣ್ಣು ತೇವವಾಯಿತು.

“ಅಂಚು ಸರಿಯಾಗಿ ಬಿಟ್ಟಿದೀಯ ಕಣೇ,” ಎಂದರು.

“ಮೂವತ್ತನಾಲ್ಕು ವರ್ಷ ನಿಮ್ಮ ಮನೇಲಿ ಮುದ್ದೆ ತಿರುವಿದೀನಿ. ಅಷ್ಟೂ ಬರಲ್ವಾ?”

ಅರ್ಜಿ ಮಂಜೂರಾಯಿತು.

ಶುಕ್ರವಾರ ಸುಮನಾ ಬಂದಳು. ಶನಿವಾರ ಸಂಜೆ ಅವಳನ್ನು ಮೂರು ಟಿವಿಗಳ ಸಾಲಿನಲ್ಲಿ ನಾಲ್ಕನೆಯದಾಗಿ ಒಂದು ಸ್ಟೂಲಿನ ಮೇಲೆ ಕೂರಿಸಲಾಯಿತು. ಸುತ್ತ ಸೀಮೆಸುಣ್ಣದ ಗೆರೆ ಎಳೆಯಲಾಯಿತು.

“ಅಪ್ಪಾ, ನಗಬಹುದಾ?”

“ಟಿವೀಲಿ ನಕ್ಕಾಗ ನಗು.”

ನಾಲ್ಕಕ್ಕೆ ಕಾರ್ಯಕ್ರಮ ಶುರುವಾಯಿತು, ಈ ಸಲ ಸದ್ದಿನೊಡನೆ. ಪಂಚರು ತೆರೆಯನ್ನೊಮ್ಮೆ, ಸ್ಟೂಲನ್ನೊಮ್ಮೆ ನೋಡಿದರು. ರೊಟ್ಟಿ ಆಯಿತು, ಚಟ್ನಿ ಆಯಿತು. ತೆರೆಯ ಸುಮನಾ ಕೈ ಒರೆಸಿಕೊಂಡಳು. ಜಗದಾಂಬ ಮುಂದಕ್ಕೆ ಬಾಗಿ ಕೂತಳು.

ಮೂರು ಯಂತ್ರಗಳ ವೇಗ ಒಂದೇ ಇರಲಿಲ್ಲ. ಟ್ಯೂಬು ಬಂದದ್ದನ್ನು ಬಂದ ಹಾಗೆ ಹೇಳುತ್ತಿತ್ತು, ಉಳಿದೆರಡು ಅದನ್ನೇ ತುಸು ಯೋಚಿಸಿ ಹೇಳುತ್ತಿದ್ದವು. ಹಾಗಾಗಿ ‘ನಮ್ಮಮ್ಮ ಜಗದಾಂಬ’ ಎಂದು ಟ್ಯೂಬಿನ ಸುಮನಾ ಅಂದಳು. ಅದರ ಬಾಲ ಹಿಡಿದು ಪ್ಲಾಸ್ಮಾದ ಸುಮನಾ ‘ಜಗದಾಂಬ’ ಎಂದಳು. ಅದರ ಹಿಂದೆಯೇ ಎಲ್‌ಸಿಡಿಯವಳೂ ‘ಜಗದಾಂಬ’ ಎಂದಳು. ಸ್ಟೂಲಿನ ಮೇಲಿದ್ದವಳು ಸುಮ್ಮನಿರಲಾರದೆ ತಾನೂ ಹೇಳಿಬಿಟ್ಟಳು. ನಡುಮನೆಯ ಜನವೆಲ್ಲ ತಿರುಗಿ ಜಗದಾಂಬಳನ್ನು ನೋಡಿದರು.

“ನಿಮ್ಮ ಹೆಸ್ರು ಇಷ್ಟು ಚೆಂದಾಗೈತಾ?” ಎಂದಳು ಹುಲಿಯಮ್ಮ. “ಇಷ್ಟು ವರ್ಷ ಹೇಳೇ ಇಲ್ವಲ್ರವ್ವ!”

“ಕೇಳಿದ್ಯಾರು?” ಎಂದು ಜಗದಾಂಬ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಬಹಳ ಸಂತೋಷವಾಗಿತ್ತು.

ಅಷ್ಟರಲ್ಲಿ ಮಹಾದೇವಯ್ಯ ಎದ್ದು ನಿಂತರು. ಅವರು ಗಂಭೀರ ಲೋಪವೊಂದನ್ನು ಪತ್ತೆ ಮಾಡಿದ್ದರು. ಸುಮನಾಳ ಗಲ್ಲದ ಎಡಕ್ಕೆ ಸಾಸಿವೆಕಾಳಿನಷ್ಟು ಮಚ್ಚೆಯಿತ್ತು. ಮೂರು ಟಿವಿಯಲ್ಲೂ ಅದು ಇರಲಿಲ್ಲ.

“ಮೇಕಪ್ಪಿನೋರು ಬಣ್ಣ ಹಚ್ಚಿ ಮುಚ್ಚಿದ್ರು ಮೇಷ್ಟ್ರೇ,” ಎಂದಳು ಸುಮನಾ.

“ಅದು ಮೌಖಿಕ ಹೇಳಿಕೆ,” ಎಂದರು ರುದ್ರಯ್ಯನವರು.

“ಹುಟ್ಟಿದಾಗಿಂದ ಐತೆ ಸಾಹೇಬ್ರೇ, ನಾನೇ ಎಣ್ಣೆ ತಿಕ್ಕಿದೀನಿ,” ಎಂದಳು ಹುಲಿಯಮ್ಮ.

“ಇರಬಹುದಮ್ಮ. ಆದ್ರೆ ಮೂರು ಬೇರೆ ಬೇರೆ ಕಂಪನಿ, ಮೂರು ಬೇರೆ ಬೇರೆ ತಂತ್ರಜ್ಞಾನ. ಒಂದು ಅನಿಲ, ಒಂದು ದ್ರವ, ಒಂದು ಗಾಜು. ಮೂರೂ ಮಾತಾಡ್ಕೊಂಡು ಸುಳ್ಳು ಹೇಳ್ತಾವಾ?”

ಯೋಚಿಸಿದ ಮೇಲೆ ಹುಲಿಯಮ್ಮನಿಗೂ ಮಚ್ಚೆಯ ವಿಷಯದಲ್ಲಿ ಅನುಮಾನ ಬಂತು. ರುದ್ರಯ್ಯನವರು ಆದೇಶವನ್ನು ಗಟ್ಟಿಯಾಗಿ ಓದಿದರು.

‘ಅರ್ಜಿದಾರರಾದ ಶ್ರೀಮತಿ ಜಗದಾಂಬನವರ ಹಾಗೂ ಪಂಚರ ಸಮಕ್ಷಮ ತಾಳೆ ನೋಡಲಾಗಿ, ಬಣ್ಣದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಮುಖಲಕ್ಷಣದಲ್ಲಿ ಮೂರು ನಕಲುಗಳೂ ಒಂದನ್ನೊಂದು ಹೋಲುತ್ತವೆ. ಅಸಲಿನಲ್ಲಿ ಮಾತ್ರ ಒಂದು ಮಚ್ಚೆ ಹೆಚ್ಚುವರಿಯಾಗಿ ಕಂಡುಬಂದಿರುತ್ತದೆ. ಆದ್ದರಿಂದ ದೋಷ ಅಸಲಿನದ್ದೆಂದು ತೀರ್ಮಾನಿಸಿ, ಅದನ್ನು ನಕಲಿಗೆ ಅನುಗುಣವಾಗಿ ತಿದ್ದಿಕೊಳ್ಳತಕ್ಕದ್ದು. ತಿದ್ದುಪಡಿಯಾಗಿ ಮರು ಮಹಜರು ಆಗುವ ತನಕ ಖರೀದಿಯನ್ನು ತಡೆಹಿಡಿದಿದೆ. ಮೂರು ಟಿವಿಗಳೂ ಸ್ಥಳದಲ್ಲೇ ಇರತಕ್ಕದ್ದು.’

ಸುಮನಾ ನಗುತ್ತಲೇ ‘ಓದಿ ಕೇಳಿ ಒಪ್ಪಿದೆ’ ಎಂದು ಸಹಿ ಹಾಕಿದಳು. ಅಂದಿನಿಂದ ತವರಿಗೆ ಬಂದಾಗಲೆಲ್ಲ ಹೊಸ್ತಿಲಲ್ಲೇ ಗಲ್ಲಕ್ಕೆ ಪೌಡರ್ ಹಚ್ಚಿಕೊಂಡು ಒಳಗೆ ಬರುತ್ತಾಳೆ. ಧಾರವಾಡದ ಅಳಿಯನಿಗೂ ಆದೇಶದ ಪ್ರತಿ ತಲುಪಿದೆ. ಅವರು ಸ್ವೀಕೃತಿ ಕಳಿಸಿದ್ದಾರೆ.

ಚಂದನ್ ಮೊದಲ ವಾರ ತಲೆ ಮೇಲೆ ಕೈಹೊತ್ತು ಕೂತಿದ್ದ. ಎರಡನೇ ವಾರ, ಟಿವಿ ಕೊಳ್ಳುವ ಆಸೆಯವರೆಲ್ಲ ಮೊದಲು ಬೆಳಗೋಡಿಗೆ ಹೋಗಿ ಮೂರನ್ನೂ ತಾಳೆ ನೋಡಿ ಆಮೇಲೆ ತನ್ನ ಅಂಗಡಿಗೇ ಬರುತ್ತಿರುವುದು ಅವನ ಗಮನಕ್ಕೆ ಬಂತು. ಮೂರನೇ ವಾರ ‘ಮಹಜರಾದ ಮಾದರಿ’ ಎಂದು ಚೀಟಿ ಅಂಟಿಸಿ ಬೆಲೆ ಏರಿಸಿದ. ಹೆಗ್ಗದ್ದೆಯ ಪ್ಲಾಂಟರೊಬ್ಬರು ಹೊಸದಾಗಿ ತರಿಸಿದ ಪ್ಲಾಸ್ಮಾ ಕೊಂಡರು. ಈಗ ಅವನೇ ಪಂಚರಿಗೆ ತಿಂಗಳಿಗೊಮ್ಮೆ ಸಕಲೇಶಪುರದಿಂದ ಖಾರಾಬೂಂದಿ ಕಳಿಸುತ್ತಾನೆ, ತೀರ್ಮಾನಕ್ಕೆ ಆತುರವೇನಿಲ್ಲವೆಂದು ಹೇಳಿ ಕಳಿಸುತ್ತಾನೆ.

ಪಂಚರಿಗೂ ಆತುರವಿಲ್ಲ. ರುದ್ರಯ್ಯನವರ ಕಡತ ನಾನೂರು ಪುಟ ದಾಟಿ, ಎರಡನೇ ಸಂಪುಟಕ್ಕೆ ದಾರ ಬಿದ್ದಿದೆ. ಬಂದವರಿಗೆ ಯಾವ ಟಿವಿ ಹೇಗೆ, ಯಾವುದನ್ನು ಓರೆಯಿಂದ ನೋಡಬಾರದು, ಯಾವುದರ ಕಪ್ಪು ಹುಚ್ಚೆಳ್ಳಿಗೆ ಸಮ ಎಂದು ವಿವರಿಸುವುದು ಜಗದಾಂಬಳ ಕೆಲಸವಾಗಿದೆ. ಜನರಿಗೆ ಅವಳ ಮಾತಿನಲ್ಲಿ ನಂಬಿಕೆಯಿದೆ. ಶಿರಸ್ತೇದಾರರನ್ನು ಕೇಳಿದರೆ ಅರ್ಜಿ ಬರೆಸುತ್ತಾರೆ.

ಸಕಲೇಶಪುರದ ಬಸ್ಸು ದಿನಕ್ಕೆ ನಾಲ್ಕು ಸಲ ಆ ಮನೆಯ ಮುಂದೆ ಹಾಯುತ್ತದೆ. ಅಲ್ಲಿ ಮೊದಲು ಸ್ಟಾಪ್ ಇರಲಿಲ್ಲ. ಈಗ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, ಊರಿಗೆಲ್ಲ ಕೇಳುವಂತೆ, “ಯಾರ್ರೀ ಜಗದಾಂಬ ಇಳಿಯೋರು? ಜಗದಾಂಬ, ಜಗದಾಂಬ!” ಎಂದು ಕೂಗುತ್ತಾನೆ. ಈ ಬಗ್ಗೆ ಮೂವತ್ತು ದಿನ ಕಾದರೂ ಯಾರಿಂದಲೂ ಆಕ್ಷೇಪಣೆ ಬಾರದ ಕಾರಣ, ರುದ್ರಯ್ಯನವರೂ ಪೇಟೆಯಿಂದ ಬರುವಾಗ “ಒಂದು ಜಗದಾಂಬ ಕೊಡಪ್ಪ” ಎಂದು ಕೇಳಿ ಟಿಕೇಟು ತೆಗೆದುಕೊಳ್ಳುತ್ತಾರೆ.